ಕಬ್ಬಿಣ ಸೋಕದ ಕೂದಲು

ಮಗು ಉಗುಳಿದ ತುತ್ತನ್ನು ದಾನೇಶ್ವರಿ ತನ್ನ ಬಾಯಿಗೆ ಹಾಕಿಕೊಂಡಳು. ಒಂದೂವರೆ ವರ್ಷದಿಂದ ಅವಳ ಊಟವೆಂದರೆ ಹೆಚ್ಚುಕಡಿಮೆ ಅದೇ ಆಗಿತ್ತು, ಭಾನು ಉಗುಳಿದ್ದು, ಭಾನು ಬಿಟ್ಟದ್ದು, ಭಾನು ಕಲೆಸಿ ತಟ್ಟೆಯಂಚಿಗೆ ತಳ್ಳಿದ್ದು. ಕೈ ತಾನಾಗಿ ಮಗುವಿನ ಗಲ್ಲದಿಂದ ಅವಳ ಬಾಯಿಗೆ ಹೋಗುತ್ತಿತ್ತು. ಮನಸ್ಸು ಬೇರೆಲ್ಲೋ ಇರುತ್ತಿತ್ತು. ಈ ಬೆಳಿಗ್ಗೆ ಅದು ಹಂಗಳದ ತವರುಮನೆಯ ಜಗಲಿಯಲ್ಲಿತ್ತು. ಅಜ್ಜಿ ಶಾಂತಮಲ್ಲಮ್ಮ ಕಾಲು ಚಾಚಿ ಕೂತು, ಮಡಿಲಲ್ಲಿ ಮುದ್ದೆಯ ತಟ್ಟೆ ಇಟ್ಟುಕೊಂಡು, ಏಳು ಕಾಡಿನಾಚೆಯ ರಾಜನ ಮಗಳ ಕತೆಯನ್ನು ತುತ್ತು ತುತ್ತಿಗೆ ತುಂಡರಿಸಿ ಹೇಳುತ್ತಿದ್ದಳು. ತುತ್ತು ನುಂಗಿದರೆ ರಾಜನ ಮಗಳ ಆನೆ ಒಂದು ಹೆಜ್ಜೆ ಇಡುತ್ತಿತ್ತು. ನುಂಗದಿದ್ದರೆ ಎತ್ತಿದ ಕಾಲನ್ನು ಎತ್ತಿದ ಹಾಗೆಯೇ ನಿಂತಿರುತ್ತಿತ್ತು. ಪಾಪ, ಆನೆಗೆ ಕಾಲು ನೋಯುತ್ತದೆಂದು ದಾನೇಶ್ವರಿ ಗಬಗಬ ನುಂಗುತ್ತಿದ್ದಳು. ಅದೇ ಆನೆಯನ್ನು ತನ್ನ ಮಗಳಿಗೂ ನೂರು ಸಲ ಹೇಳಿದ್ದಳು. ಭಾನು ಕಣ್ಣರಳಿಸಿ ಕೇಳುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಈ ಮನೆಯ ಆನೆ ಒಂದೂವರೆ ವರ್ಷದಿಂದ ಮೂರು ಕಾಲಿನಲ್ಲಿ ನಿಂತಿತ್ತು. ಆಗಲೇ ನಾಲಿಗೆಗೆ ಏನೋ ಎಳೆಯಂಥದು ತೊಡರಿತು. ಕೂದಲು. ಬೆರಳು ಹಾಕಿ ತೆಗೆಯುವ ಮೊದಲೇ ಅದರ ರುಚಿ ಬಾಯಿತುಂಬ ಹರಡಿತು: ಅಂಟಂಟು, ಒಗರು, ಕಹಿ ಹರಳೆಣ್ಣೆ. ಅವರೆಕಾಳಿನ ಸಾರು ಎಲ್ಲಿ ಹೋಯಿತೋ, ರಾಗಿ ಎಲ್ಲಿ ಹೋಯಿತೋ. ಭಾನು ಮಾಡುವ ಹಾಗೆಯೇ ಕತ್ತು ಮುಂದಕ್ಕೆ ಚಾಚಿ, ಕಣ್ಣಲ್ಲಿ ನೀರು ತುಂಬಿಕೊಂಡು, ಅವಳು ಅಂಗೈಗೆ ಉಗುಳಿದಳು. ಎದುರು ಕೂತ ಮಗು ತಾಯಿಯನ್ನೇ ನೋಡಿತು. ತನ್ನ ಭಾಷೆ ಮಾತಾಡುವವರು ಕೊನೆಗೂ ಒಬ್ಬರು ಸಿಕ್ಕರು ಎಂಬಂತೆ ಕಿಲಕಿಲ ನಕ್ಕಿತು.

ಆ ಕೂದಲು ಬೆಟ್ಟದ ದೇವರು ಮಾದಪ್ಪನ ಸೊತ್ತು. ಎಂಟನೇ ತಿಂಗಳಿಗೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಹದಿನೆಂಟು ದಿನ ಮಲಗಿದ್ದ ಕೂಸಿಗಾಗಿ ಅತ್ತೆ ಚಿಕ್ಕಮಲ್ಲಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಹರಕೆ ಹೊತ್ತಿದ್ದರು. ಕೂಸು ಉಳಿದರೆ ಹುಟ್ಟುಗೂದಲನ್ನು ನಿನ್ನ ಬೆಟ್ಟದಲ್ಲೇ ಇಳಿಸುತ್ತೇನೆ, ಅಲ್ಲಿಯವರೆಗೆ ಕಬ್ಬಿಣ ಸೋಕಿಸುವುದಿಲ್ಲ. ಕೂಸು ಉಳಿಯಿತು. ಮುಡಿ ಇಳಿಸುವುದು ಮಾತ್ರ ಮುಂದಕ್ಕೆ ಹೋಗುತ್ತಲೇ ಬಂತು. ಮೊದಲು ಮಾವ ತೀರಿಕೊಂಡರು, ವರ್ಷ ತುಂಬುವವರೆಗೆ ಯಾವ ಕಾರ್ಯವೂ ಇಲ್ಲ. ಮೊದಲ ಕತ್ತರಿ ಹಾಕಬೇಕಾದವನು ಸೋದರಮಾವ, ಅಂದರೆ ದಾನೇಶ್ವರಿಯ ಅಣ್ಣ. ವರ್ಷ ತುಂಬುವ ಹೊತ್ತಿಗೆ ಅವನ ಹೆಂಡತಿ ಬಸುರಿ, ಬಸುರಿಯ ಗಂಡ ಕತ್ತರಿ ಮುಟ್ಟುವಂತಿಲ್ಲ, ಬೆಟ್ಟ ಹತ್ತುವಂತಿಲ್ಲ. ಆ ಬಸಿರು ನಿಲ್ಲಲಿಲ್ಲ, ಇನ್ನೊಂದು ನಿಂತಿತು, ಮತ್ತೆ ಕಾಯಬೇಕು. ಭಾನುವಿಗೆ ಮೂರು ತುಂಬಲು ಈಗ ಎರಡೇ ತಿಂಗಳು. ರೇಷ್ಮೆಯಂಥ ನವಿರು ಕೂದಲು ಹಣೆ ದಾಟಿ, ಕಣ್ಣು ದಾಟಿ, ಗಲ್ಲದವರೆಗೆ ಇಳಿದಿತ್ತು. ಜುಟ್ಟು ಕಟ್ಟಿದರೆ ಜಾರುತ್ತಿತ್ತು. ಕ್ಲಿಪ್ಪು ಹಾಕಿದರೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಒಂದು ಸಲ ಗಂಟಲವರೆಗೆ ಹೋಗಿ ಹೊರಬಂದ ಮೇಲೆ ಕ್ಲಿಪ್ಪುಗಳಿಗೆ ಮನೆಯಲ್ಲಿ ಜಾಗವಿರಲಿಲ್ಲ. ಹಾರಾಡದಿರಲಿ ಎಂದು ಅತ್ತೆ ದಿನಾ ಬೆಳಿಗ್ಗೆ ಹರಳೆಣ್ಣೆ ಸವರಿ, ಬೈತಲೆ ತೆಗೆದು, ಎರಡೂ ಕಡೆಗೆ ತಟ್ಟಿ ಅಂಟಿಸುತ್ತಿದ್ದರು. ಮನೆಯಲ್ಲೇ ಕುದಿಸಿ ತೆಗೆದ ಗಟ್ಟಿ ಎಣ್ಣೆ. ಅತ್ತೆ ಎರಡು ದಿನದಿಂದ ಚಾಮರಾಜನಗರದಲ್ಲಿ ತಂಗಿಯ ಮನೆಯಲ್ಲಿದ್ದರು. ಹೊರಡುವಾಗ ಹೇಳಿಹೋದಂತೆ ಇವತ್ತು ಎಣ್ಣೆ ಸವರಿದವಳು ದಾನೇಶ್ವರಿಯೇ. ಈ ಕೈಯೇ.

ಅವಳು ಮಗಳ ಹಣೆಯಿಂದ ಜೋತ ಎಳೆಯ ತುದಿಯನ್ನು ಹಿಡಿದು ನೋಡಿದಳು. ತುದಿಯಲ್ಲಿ ಸಾರು ಒಣಗಿತ್ತು. ತಟ್ಟೆಯ ಮೇಲೆ ಬಗ್ಗಿದೊಡನೆ ಇದು ಮೊದಲು ಸಾರಿಗೆ ಇಳಿಯುತ್ತದೆ, ಆಮೇಲೆ ತುತ್ತಿನ ಜೊತೆ ಬಾಯಿಗೆ ಹೋಗುತ್ತದೆ. ಬಿಸ್ಕತ್ತು ತಿನ್ನುವಾಗ? ಬಿಸ್ಕತ್ತು ತಿನ್ನುವಾಗ ಭಾನು ನೀರು ಕುಡಿದ ಕೋಳಿಯ ಹಾಗೆ ಮುಖವನ್ನು ಮೇಲಕ್ಕೆತ್ತುತ್ತಾಳೆ, ಕೂದಲು ಹಿಂದಕ್ಕೆ ಬೀಳುತ್ತದೆ. ಎತ್ತರದಿಂದ ಬಾಯಿಗೆ ಇಳಿಬಿಡುವ ನೂಡಲ್ಸಿಗೂ ಹಾಗೆಯೇ. ಪೊಟ್ಟಣದ್ದು ಬೇಕು, ಮನೆಯದು ಬೇಡ ಎಂದು ಊರೆಲ್ಲ ಆಡಿಕೊಂಡ ಮಗು ನಿಜವಾಗಿ ಆರಿಸಿಕೊಂಡದ್ದು ತಲೆ ಎತ್ತಿ ತಿನ್ನಬಹುದಾದದ್ದನ್ನು. ಮಾತು ಇನ್ನೂ ನೆಟ್ಟಗೆ ಬಾರದ ಕೂಸು ತನ್ನಷ್ಟಕ್ಕೆ ಇದನ್ನು ಕಂಡುಹಿಡಿದುಕೊಂಡಿತ್ತು. ಡಿಗ್ರಿ ಓದಿದ ತಾಯಿಗೆ ಕಂಡಿರಲಿಲ್ಲ. ತಾಯಿ ಕನಸು ಕಾಣುತ್ತ ಎಂಜಲು ನುಂಗುತ್ತಿದ್ದಳು, ಕೂದಲು ಸಿಕ್ಕಿದರೆ ಯಾರದೋ ಎಂದು ಒರೆಸಿ ಎಸೆಯುತ್ತಿದ್ದಳು.

ಹೋದ ವಾರ ಅಂಗನವಾಡಿಯಲ್ಲಿ ತೂಕ. ತಕ್ಕಡಿಗೆ ನೇತುಹಾಕಿದ ಬಟ್ಟೆಯ ಚೀಲದಲ್ಲಿ ಭಾನು ಕಾಲು ಇಳಿಬಿಟ್ಟುಕೊಂಡು ನಿಧಾನವಾಗಿ ತಿರುಗಿದಳು. ಮುಳ್ಳು ಒಂಬತ್ತು ಮುಕ್ಕಾಲರ ಹತ್ತಿರ ನಡುಗಿ ನಿಂತಿತು. ಟೀಚರು ಕಾರ್ಡಿನಲ್ಲಿ ತೂಕ ಸಾಲದೆಂಬ ಹಳದಿ ಪಟ್ಟಿಯ ಮೇಲೆ ಚುಕ್ಕೆ ಇಟ್ಟು, “ಮನೇಲಿ ಊಟಕ್ಕೇನ್ ಮಾಡ್ತೀರಾ?” ಎಂದು ಮೆತ್ತಗೆ ಕೇಳಿದರು. ಸಾಲಿನಲ್ಲಿದ್ದವರೆಲ್ಲ ಕಾರ್ಡಿನ ಕಡೆ ಕತ್ತು ಚಾಚಿದರು. ಪಕ್ಕದ ಮನೆಯ ಸುಂದ್ರಮ್ಮ ಮೊಮ್ಮಗನನ್ನು ಸೊಂಟದ ಮೇಲೆ ಸರಿಮಾಡಿಕೊಂಡು, “ಆರೆಕ್ರೆ ರಾಗಿ ಬೆಳೆಯೋ ಮನೆ ಕೂಸು ಕಣ ಟೀಚರೇ. ರಾಗಿಗೇನ್ ಬರ ಅಲ್ಲಿ? ಉಣ್ಣುಸೋ ಕೈ ಬೇಕು” ಅಂದರು. ಯಾರೋ ನಕ್ಕರು. ದಾನೇಶ್ವರಿಯೂ ನಕ್ಕಳು, ಅದನ್ನು ನೆನೆದರೆ ಇನ್ನೂ ಮೈ ಉರಿಯುತ್ತದೆ. ಮನೆಗೆ ಬಂದು ಅನ್ನ ಕಲೆಸಿ ತಿನ್ನಿಸಿದಳು. ಮಗು ಉಗುಳಲು ಹೊರಟಿತು. ಹೊಡೆದಳು. ಬಾಯಲ್ಲಿ ಅನ್ನವಿದ್ದ ಕೆನ್ನೆಗೆ. ಉಬ್ಬಿದ ಆ ಕೆನ್ನೆಯ ಮೆತ್ತಗಿನ ತಾಕು ಅಂಗೈಯಲ್ಲಿ ಹಾಗೇ ಉಳಿದಿದೆ. ಭಾನು ಅಳಲಿಲ್ಲ, ನುಂಗುವುದೋ ಉಗುಳುವುದೋ ತಿಳಿಯದೆ ಅನ್ನವನ್ನು ಬಾಯಲ್ಲೇ ಇಟ್ಟುಕೊಂಡು ತಾಯಿಯನ್ನು ನೋಡುತ್ತಿದ್ದಳು. ಎಣ್ಣೆಯಲ್ಲಿ ಅದ್ದಿದ ಬತ್ತಿಯನ್ನು ಬಾಯಿಗಿಟ್ಟು, ಉಣ್ಣು ಉಣ್ಣು ಎಂದು ಹೊಡೆದೆನಲ್ಲ.

ಕತ್ತರಿ ಅಡುಗೆಮನೆಯ ಕಿಟಕಿಯ ಸರಳಿಗೆ ನೇತುಬಿದ್ದಿತ್ತು. ಹಾಲಿನ ಪೊಟ್ಟಣ, ನೂಡಲ್ಸಿನ ಪೊಟ್ಟಣ, ಮಸಾಲೆಯ ಪೊಟ್ಟಣ ಕತ್ತರಿಸಿ ಕತ್ತರಿಸಿ ಅಲಗು ಮೊಂಡಾಗಿದ್ದ ಕೆಂಪು ಹಿಡಿಯ ಕತ್ತರಿ. ಅವಳು ಅದನ್ನು ತೊಳೆದಳು, ಸೆರಗಿನಲ್ಲಿ ಒರೆಸಿದಳು, ಒಲೆಯ ಉರಿಯ ಮೇಲೆ ಒಂದು ಸಲ ಆಡಿಸಿದಳು. ಏಕೆ ಎಂದು ಕೇಳಿದರೆ ಹೇಳಲಾರಳು. ಗಾಜಿನ ಪೆಟ್ಟಿಗೆಯ ನೀಲಿ ಬೆಳಕು ಕಣ್ಣಿಗೆ ಬಂತು, ಅದರೊಳಗೆ ಇಲಿಮರಿಯಷ್ಟು ಕೆಂಪಗೆ ಏರುತ್ತ ಇಳಿಯುತ್ತ ಇದ್ದ ಎದೆ. ಅದು ನಿಲ್ಲದೆ ನಡೆದದ್ದು ಈ ಕೂದಲ ಮೇಲಿನ ಮಾತಿನಿಂದಲೇ ಆಗಿದ್ದರೆ? ಕತ್ತರಿಯನ್ನು ಕೆಳಗಿಟ್ಟಳು. ಅಜ್ಜಿ ಹೇಳುತ್ತಿದ್ದ ಮಾದಪ್ಪ ಹುಲಿಯ ಮೇಲೆ ಕೂತವನು ನಿಜ, ಆದರೆ ಕತೆ ಶುರುವಾಗುವ ಹೊತ್ತಿಗೆಲ್ಲ ಅವನು ಹುಲಿಯನ್ನು ಹೊರಗೆ ಕಟ್ಟಿ, ಯಾರದೋ ಬಾಗಿಲಲ್ಲಿ ಜೋಳಿಗೆ ಹಿಡಿದು ನಿಂತಿರುತ್ತಿದ್ದ. ಹಸಿವೆಂದರೆ ಏನು ಎಂದು ಗೊತ್ತಿದ್ದವನು. ಅವನ ಹತ್ತಿರ ಮಾತಾಡಬಹುದು. “ನೋಡಪ್ಪ, ನಿನ್ನ ಕೂದಲು ನನ್ನ ಮಗಳ ತುತ್ತಿಗೆ ಅಡ್ಡ ಬಂದಿದೆ” ಎಂದು ದಾನೇಶ್ವರಿ ಗಟ್ಟಿಯಾಗಿಯೇ ಹೇಳಿದಳು. ಹೆದ್ದಾರಿಯಲ್ಲಿ ಈರುಳ್ಳಿ ಲಾರಿಯೊಂದು ಉದ್ದಕ್ಕೆ ಹಾರನ್ ಬಾರಿಸಿ ಹೋಯಿತು. ಅವಳು ಮಗಳನ್ನು ಕಾಲಿನ ಮಧ್ಯೆ ಕೂರಿಸಿಕೊಂಡು, ಹಣೆಯ ಕೂದಲನ್ನು ಎರಡು ಬೆರಳ ನಡುವೆ ಹಿಡಿದು, ಹುಬ್ಬಿನ ಮೇಲೆ ಕತ್ತರಿ ಹಾಕಿದಳು. ಒಣಹುಲ್ಲನ್ನು ದನ ಅಗಿದ ಸದ್ದು. ಮತ್ತೊಂದು ಸಲ. ಕೂದಲು ಅಂಗೈಗೆ ಬಂತು, ಇಷ್ಟೇ ಇಷ್ಟು. ಎಡಗಡೆ ಸೊಟ್ಟವಾಯಿತು, ಸರಿಮಾಡಲು ಹೋಗಿ ಬಲಗಡೆಯೂ ಮೇಲೇರಿತು. ಕೊನೆಗೆ ಇಲಿ ತಿಂದ ಸೂರಿನಂಥ ಅಂಚಿನ ಕೆಳಗೆ ಎರಡು ದೊಡ್ಡ ಕಣ್ಣುಗಳು ಕಾಣಿಸಿಕೊಂಡವು. ಅಷ್ಟು ದೊಡ್ಡವೆಂದು ಗೊತ್ತೇ ಇರಲಿಲ್ಲ.

ಮುಖ ತೊಳೆಸಿ, ಹೊಸ ಸಾರು ಬಡಿಸಿ, ನಿಂಬೆಗಾತ್ರದ ಮುದ್ದೆ ಮುರಿದು ತಟ್ಟೆಯಲ್ಲಿಟ್ಟಳು. ಈ ಸಲ ಕತೆಯಿಲ್ಲ, ಮೊಬೈಲಿಲ್ಲ, ಉಣ್ಣು ಎಂಬ ಮಾತೂ ಇಲ್ಲ. ತಾನು ಗೋಡೆಯ ಕಡೆ ತಿರುಗಿ ಕೂತಳು. ನೋಡಿದರೆ ಕೆಟ್ಟುಹೋದೀತೆಂಬ ಭಯ. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಸಾರು ಸೊರ್ರೆಂದ ಸದ್ದು. ತಟ್ಟೆ ನೆಲದ ಮೇಲೆ ಒಂದಿಷ್ಟು ಜರುಗಿದ ಸದ್ದು. ತಿರುಗಿ ನೋಡಿದಾಗ ಭಾನು ತಟ್ಟೆಯ ಮೇಲೆ ಪೂರ್ತಿ ಬಗ್ಗಿದ್ದಳು, ಐದೂ ಬೆರಳನ್ನು ಸಾರಿಗೆ ಅದ್ದಿ, ಮೂಗಿನ ತುದಿಗೆ ರಾಗಿ ಮೆತ್ತಿಕೊಂಡು. ಓಕರಿಸಲಿಲ್ಲ. ಒಂದು ಅವರೆಕಾಳನ್ನು ಬಾಯಿಂದ ತೆಗೆದು, ಅದು ಏನೆಂದು ಬೆಳಕಿಗೆ ಹಿಡಿದು ನೋಡಿ, ಮತ್ತೆ ಬಾಯಿಗೆ ಹಾಕಿಕೊಂಡಳು. ತಟ್ಟೆ ಖಾಲಿಯಾಯಿತು. ಉಗುಳಿದ್ದು ಏನೂ ಇರಲಿಲ್ಲ. ದಾನೇಶ್ವರಿಯ ಕೈ ಅಭ್ಯಾಸದಂತೆ ಮಗುವಿನ ಗಲ್ಲದ ಕಡೆ ಹೋಗಿ, ಅಲ್ಲಿ ಎತ್ತಿಕೊಳ್ಳಲು ಏನೂ ಸಿಗದೆ ಗಾಳಿಯಲ್ಲೇ ನಿಂತಿತು. ಅವಳಿಗೆ ಕೂಗಬೇಕೆನಿಸಿತು. ಬೀದಿಗೆ ಹೋಗಿ ಲಾರಿಗಳನ್ನೆಲ್ಲ ನಿಲ್ಲಿಸಿ ಹೇಳಬೇಕೆನಿಸಿತು.

ಹೇಳಿದ್ದು ಗಂಡನಿಗೆ, ಫೋನಿನಲ್ಲಿ. ಸಾಗರ್ ಚಾಮರಾಜನಗರದ ಕಚೇರಿಯಿಂದ ದನಿ ತಗ್ಗಿಸಿ ಮಾತಾಡಿದ. “ಉಂಡ್ಳಾ? ಒಂದ್ ಮುದ್ದೆ ಪೂರ್ತಿನಾ? ನಿಜವಾಗ್ಲೂ?” ಎಂದು ನಕ್ಕ. ಕೂದಲಿನ ವಿಷಯ ಹೇಳಿದಾಗ ಆ ನಗೆ ಅರ್ಧಕ್ಕೇ ನಿಂತುಹೋಯಿತು. “ಏನ್ ಮಾಡ್ಬುಟ್ಟೆ ನೀನು! ಅವ್ವ ಇವತ್ತೇ ಬತ್ತಾವ್ಳೆ ಕಣ, ಮಧ್ಯಾಹ್ನದ ಬಸ್ಸಿಗೆ.”

“ನೀವು ಒಂದ್ ಮಾತು ಹೇಳಿ ಅವರಿಗೆ.”

“ನಾನಾ? ನನ್ನ ಎಳೀಬೇಡ ಮಧ್ಯಕ್ಕೆ. ಸದ್ಯಕ್ಕೊಂದು ಟೋಪಿ ಹಾಕು ಕೂಸಿಗೆ. ಚಳಿ ಐತೆ ಅನ್ನು. ಸಾಹೇಬ್ರು ಬಂದ್ರು, ಇಡ್ತೀನಿ.”

ಟೋಪಿ ಹುಡುಕಿ ಹಾಕಿದಳು. ಭಾನು ಕಿತ್ತು ಎಸೆದಳು. ಮತ್ತೆ ಹಾಕಿದರೆ ಮತ್ತೆ ಕಿತ್ತಳು. ಆ ಹೊತ್ತಿಗೇ ಹೆಪ್ಪಿಗೆ ಮಜ್ಜಿಗೆ ಕೇಳಲು ಲೋಟ ಹಿಡಿದು ಬಂದ ಸುಂದ್ರಮ್ಮ ಬಾಗಿಲಲ್ಲೇ ನಿಂತುಬಿಟ್ಟರು. “ಅಯ್ಯೋ ಸಿವನೇ! ಬೆಟ್ಟುಕ್ ಓಗ್ನಿಲ್ಲ, ಮುಡಿ ಇಳುಸ್ನಿಲ್ಲ, ಯಾರಮ್ಮಿ ಕತ್ತರಿ ಆಕ್ದೋರು?”

“ಯಾರೂ ಇಲ್ಲ” ಎಂದಳು ದಾನೇಶ್ವರಿ. ಬಾಯಿಂದ ಬಂದುಬಿಟ್ಟಿತು.

“ಯಾರೂ ಇಲ್ವಾ? ಅಂಗಾರೆ ಕತ್ತರಿಗೇ ಕಾಲ್ ಬಂದ್ವಾ?” ಸುಂದ್ರಮ್ಮ ಮಜ್ಜಿಗೆಯನ್ನೂ ಮರೆತು ಹಿಂದಕ್ಕೆ ಹೊರಟರು. ಗೋಡೆಯಾಚೆಯಿಂದ ಅವರ ಫೋನಿನ ದನಿ ಕೇಳಿಸಿತು, “ಅಲೋ, ಚಿಕ್ಕಮಲ್ಲಕ್ಕಾ, ಬಸ್ ಅತ್ತಿದ್ಯಾ? ಕುಂತಿದ್ಯಾ, ನಿಂತಿದ್ಯಾ? ಕುಂತ್ಕೊ ಮದ್ಲು.”

ಆಮೇಲಿನ ಎರಡು ಗಂಟೆ ದಾನೇಶ್ವರಿ ಸುಳ್ಳುಗಳನ್ನು ಒಂದೊಂದಾಗಿ ತೊಟ್ಟು ನೋಡಿ ಬಿಚ್ಚಿಟ್ಟಳು. ಅಂಟು ಮೆತ್ತಿಕೊಂಡಿತ್ತು, ಬಿಡಿಸಲಾಗಲಿಲ್ಲ. ದೀಪಕ್ಕೆ ಬಗ್ಗಿದಳು, ಸುಟ್ಟುಹೋಯಿತು. ಅದು ಇನ್ನೂ ಕೆಟ್ಟದ್ದು. ಮಗುವೇ ಕತ್ತರಿ ತೆಗೆದುಕೊಂಡು ಕತ್ತರಿಸಿಕೊಂಡಿತು, ನಾನು ನೀರು ತರಲು ಹೋಗಿದ್ದೆ. ಈ ಕೊನೆಯದು ಎಷ್ಟು ಚೆನ್ನಾಗಿ ಒಪ್ಪುತ್ತಿತ್ತೆಂದರೆ ಅವಳಿಗೆ ಭಯವಾಯಿತು. ನೆರಳಿನಲ್ಲಿ ಮಲಗಿದ್ದ ಭಾನುವಿನ ಹೊಟ್ಟೆ ಪುಟ್ಟ ಕುಂಬಳದ ಹಾಗೆ ಉಬ್ಬಿತ್ತು, ನಿದ್ದೆಯಲ್ಲಿ ತೇಗು ಬಂತು. ಇಷ್ಟು ದಿನ ಈ ಮಗುವಿನ ಮೇಲೆ ಎಲ್ಲರೂ ಹೊರಿಸಿದ್ದು ಸಾಲದೆ? ಹಟಮಾರಿ, ನಾಲಿಗೆ ರುಚಿಯವಳು, ಪೊಟ್ಟಣದ ಕೂಸು. ಈಗ ತಾಯಿಯ ಕತ್ತರಿಯನ್ನೂ ಅವಳ ಕೈಗೇ ಕೊಡುವುದೇ? ದಾನೇಶ್ವರಿ ಎದ್ದು, ಕತ್ತರಿಸಿದ ಕೂದಲನ್ನು ಒಂದು ಶುಭ್ರವಾದ ಬಟ್ಟೆಯಲ್ಲಿ ಗಂಟುಕಟ್ಟಿ ದೇವರ ಗೂಡಿನಲ್ಲಿಟ್ಟಳು. ಟೋಪಿಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿದಳು.

ಅತ್ತೆ ಬಂದಾಗ ಎರಡೂವರೆ. ಚೀಲ ಕೆಳಗಿಡಲಿಲ್ಲ, ಕಾಲು ತೊಳೆಯಲಿಲ್ಲ. ಈಗಷ್ಟೇ ಎದ್ದು ಹೊಸಿಲ ಮೇಲೆ ಕೂತಿದ್ದ ಭಾನುವಿನ ಗಲ್ಲ ಹಿಡಿದು ಮುಖವನ್ನು ಮೇಲೆತ್ತಿದರು. ಆ ಒಡ್ಡೊಡ್ಡು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

“ತೆರಕಣಾಂಬೀಲಿ ಬಸ್ಸು ಅರ್ಧ ಗಂಟೆ ನಿಂತ್ಕತು. ಇಳ್ದು ಓಡ್ಬಂದ್ಬುಡನ ಅನ್ನಿಸ್ತು ಕಣಮ್ಮಿ. ಅವನ್ಗೆ ಕೊಟ್ಟ ಮಾತು. ನಾಳೆ ಈ ಕೂಸ್ಗೆ ಏನಾರ ಆದ್ರೆ ಯಾರ್ ಕಾಲ್ ಇಡೀಲಿ ನಾನು?”

“ಕತ್ತರಿಸಿದೋಳು ನಾನೇ ಅತ್ತೆ” ಎಂದಳು ದಾನೇಶ್ವರಿ. ಮಾತು ಗಂಟಲಿನಿಂದ ಹೊರಬಂದ ಮೇಲೆ ಆಶ್ಚರ್ಯವೆನಿಸುವಷ್ಟು ಹಗುರವಾಗಿತ್ತು. “ಕೂದ್ಲು ಬಾಯಿಗೆ ಹೋಗ್ತಿತ್ತು. ಹರಳೆಣ್ಣೆ ಕಹಿ. ಪ್ರತಿ ತುತ್ತಿಗೂ ಅದೇ ರುಚಿ. ಅದಕ್ಕೇ ಉಗುಳ್ತಿದ್ಲು. ಬೆಳಿಗ್ಗೆ ಕತ್ತರಿಸ್ದೆ, ಮುದ್ದೆ ಉಂಡ್ಲು. ಒಂದ್ ಚೂರೂ ಬಿಡ್ಲಿಲ್ಲ.”

“ಅಂಗಾರೆ ನಾನೇ ಕೂಸಿನ್ ಒಟ್ಟೆ ಮ್ಯಾಲೆ ಒಡುದ್ನಾ?” ಅತ್ತೆಯ ಕಣ್ಣು ಕೆಂಪಾಯಿತು. “ನೀನೇಳಾದು ಅದೇ ತಾನೆ? ನನ್ ಎಣ್ಣೆ ಇಸ, ನನ್ ಅರಕೆ ಇಸ.”

ಇಲ್ಲ ಇಲ್ಲ ಅತ್ತೆ, ಹಾಗಲ್ಲ ಎಂದು ಕಾಲು ಮುಟ್ಟಿ ಮುಗಿಸಿಬಿಡಬಹುದಿತ್ತು. ಐದು ವರ್ಷದಿಂದ ಹಾಗೆಯೇ ಮುಗಿಸುತ್ತ ಬಂದಿದ್ದಳು. “ಇವತ್ತು ಎಣ್ಣೆ ಹಾಕಿದ್ದು ನಾನೇ” ಎಂದಳು. “ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಾದಪ್ಪಂಗೆ ಬೇಜಾರಾಗಿದ್ರೆ ನನ್ನ ತಲೆ ಕೊಡ್ತೀನಿ. ನುಣ್ಣಗೆ ಬೋಳಿಸ್ಕೊಂಡು ಇಳೀತೀನಿ ಬೆಟ್ಟ. ಮಗು ಮಾತ್ರ ಉಣ್ಬೇಕು.”

ಚಿಕ್ಕಮಲ್ಲಮ್ಮ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸೊಂಟ ದಾಟಿದ ಅವಳ ಜಡೆಯನ್ನೂ ನೋಡಿದರು. ಚೀಲವನ್ನು ಗೋಡೆಗೆ ಒರಗಿಸಿ, ಕಂಬದ ಪಕ್ಕ ಕೂತರು. “ಮಾತು ಬೇಡ. ನನ್ ಕಣ್ ಮುಂದೆ ಉಣ್ಣುಸು. ನೋಡನ.”

ಪಾತ್ರೆಯಲ್ಲಿ ಉಳಿದದ್ದು ದಾನೇಶ್ವರಿಯ ಪಾಲಿನ ಪುಟ್ಟ ಮುದ್ದೆಯೊಂದೇ, ಅದೂ ತಣ್ಣಗಾಗಿತ್ತು. ಸಾರು ಬಿಸಿಮಾಡಿ ಬಡಿಸಿದಳು. ಬೆಳಿಗ್ಗೆಯದು ಆಕಸ್ಮಿಕವಾಗಿದ್ದರೆ? ಕತ್ತರಿಸಿದ ಸಂಭ್ರಮಕ್ಕೆ ಉಂಡಿದ್ದರೆ? ಈಗ ಉಗುಳಿದರೆ ಮುಗಿಯಿತು. ಹರಕೆ ಮುರಿದವಳು, ಸುಳ್ಳಿ, ಉಣ್ಣಿಸಲಾರದವಳು, ಮೂರೂ ಒಟ್ಟಿಗೆ. ತಟ್ಟೆ ತರುವಷ್ಟರಲ್ಲಿ ಭಾನು ಅಜ್ಜಿಯ ಚೀಲಕ್ಕೆ ಕೈ ಹಾಕಿದ್ದಳು. ಅಂಗಡಿಯ ಬಾಗಿಲಲ್ಲಿ ನೇತಾಡುವ ಕುರುಕಲಿನ ಪೊಟ್ಟಣಗಳ ಸರ, ಅತ್ತೆ ಪ್ರತಿ ಸಲ ತರುವಂಥದ್ದು, ಹಾವಿನ ಹಾಗೆ ಈಚೆಗೆ ಬಂತು. ಅತ್ತೆ ತಡೆಯಲಿಲ್ಲ. ಒಂದು ಪೊಟ್ಟಣವನ್ನು ಮಗು ಹಲ್ಲಿನಲ್ಲಿ ಕಚ್ಚಿ ಹರಿಯಿತು. ದಾನೇಶ್ವರಿ ತಟ್ಟೆಯನ್ನು ನೆಲದ ಮೇಲಿಟ್ಟು ಹಿಂದೆ ಸರಿದಳು. ಭಾನು ಹಳದಿ ಕಡ್ಡಿಯೊಂದನ್ನು ತೆಗೆದು ಮುದ್ದೆಯ ನೆತ್ತಿಗೆ ಚುಚ್ಚಿ ನಿಲ್ಲಿಸಿದಳು. ಇನ್ನೊಂದನ್ನು ಚುಚ್ಚಿದಳು. ಕತ್ತು ಓರೆ ಮಾಡಿ ನೋಡಿದಳು. ಒಂದು ಕಡ್ಡಿಯನ್ನು ತಿಂದಳು. ಆಮೇಲೆ ಕಡ್ಡಿ ಚುಚ್ಚಿದ ಜಾಗದಲ್ಲೇ ಬೆರಳಿಟ್ಟು ಮುದ್ದೆ ಕಿತ್ತು, ಸಾರಿಗೆ ಅದ್ದಿ, ತಟ್ಟೆಯ ಮೇಲೆ ಬಗ್ಗಿ ಬಾಯಿಗಿಟ್ಟಳು. ಅತ್ತೆ ಮುಂದಕ್ಕೆ ಬಗ್ಗಿದರು. ಪುಟ್ಟ ಗಂಟಲು ಏರಿ ಇಳಿಯಿತು. ಇನ್ನೊಂದು ತುತ್ತು. ಇನ್ನೊಂದು. ಪೊಟ್ಟಣ ಜಾರಿ ನೆಲಕ್ಕೆ ಬಿದ್ದು ಕಡ್ಡಿಗಳು ಚೆಲ್ಲಿದವು, ಅವಳು ಅತ್ತ ನೋಡಲಿಲ್ಲ. ಮುದ್ದೆ ಮುಗಿದ ಮೇಲೆ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಉಳಿದ ಸಾರನ್ನು ಕುಡಿದಳು, ಸಾರಿನ ಮೀಸೆ ಮೂಡಿಸಿಕೊಂಡು ಅಜ್ಜಿಯ ಕಡೆ ತಿರುಗಿದಳು.

“ಇನ್ನೊಂದು” ಅಂದಳು.

ಚಿಕ್ಕಮಲ್ಲಮ್ಮ ಸೆರಗಿನಿಂದ ಮಗುವಿನ ಬಾಯಿ ಒರೆಸಿದರು, ಅದೇ ಸೆರಗಿನಲ್ಲಿ ತಮ್ಮ ಮೂಗನ್ನೂ ಒರೆಸಿಕೊಂಡರು. “ಐತೇನಮ್ಮಿ ಇನ್ನೊಂದು?”

“ಇಲ್ಲ ಅತ್ತೆ. ಅದೇ ಕೊನೇದು.”

“ನಿಂಗೆ?”

ದಾನೇಶ್ವರಿ ನೆಲಕ್ಕೆ ಚೆಲ್ಲಿದ ಕಡ್ಡಿಗಳನ್ನು ಆರಿಸತೊಡಗಿದಳು. ಅತ್ತೆ ಮಂಡಿಯ ಮೇಲೆ ಕೈಯೂರಿ ಎದ್ದರು, ಬಚ್ಚಲಿಗೆ ಹೋಗಿ ಕೈಕಾಲು ತೊಳೆದರು, ಒಳಗೆ ಹೋಗಿ ಒಲೆ ಹಚ್ಚಿದರು. ಪಾತ್ರೆಗೆ ನೀರು ಸುರಿದ ಸದ್ದು, ಹಿಟ್ಟಿನ ಡಬ್ಬಿಯ ಮುಚ್ಚಳದ ಸದ್ದು. ಸ್ವಲ್ಪ ಹೊತ್ತಿಗೆ ಹಿಟ್ಟು ಬೇಯುವ ಘಮ, ಅದರ ಹಿಂದೆಯೇ ಕೋಲು ತಿರುವುವ ರಭಸ, ರಭಸದ ನಡುವೆ ಬೈಗುಳ. “ಹಿಂದ್ಗಡೆ ಕೂದ್ಲು ಮುಟ್ಟಿದ್ರೆ ಕೈ ಮುರ್ದಾಕ್ತೀನಿ. ಅದು ಅವನ್ದು. ಕತ್ರಿಸಿದ್ದೂ ಅವನ್ದೇ, ಎಲ್ಲಿಟ್ಟಿದ್ದಿಯೋ ಜ್ವಾಪಾನ. ಅವನ್ ತಾವ ನಾನ್ ಮಾತಾಡ್ಕತೀನಿ, ನೀನ್ ಬೋಳ್ ತಲೆ ಒತ್ಕಂಡ್ ಬಂದು ನನ್ ಮಾನ ಕಳೀಬ್ಯಾಡ. ಕತ್ರಿಸಾದೇ ಕತ್ರಿಸ್ದೆ, ವಸಿ ನೆಟ್ಗಾದ್ರೂ ಕತ್ರಿಸ್ಬಾರ್ದಾ? ಕುರಿ ಮೇಯ್ದಂಗದೆ.”

“ಮುಂದಿನ ತಿಂಗಳಿಗೆ ಮತ್ತೆ ಬೆಳೆಯುತ್ತೆ ಅತ್ತೆ. ಆಗ ನೆಟ್ಟಗೆ ಕತ್ತರಿಸ್ತೀನಿ.”

ಕೋಲಿನ ಸದ್ದು ಒಂದು ಗಳಿಗೆ ನಿಂತಿತು. “ಬಾಯ್ ನೋಡು ಇವಳ್ದು!” ಎಂದರು ಅತ್ತೆ. ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಹೊಸಿಲ ಮೇಲೆ ಕೂತಿದ್ದ ದಾನೇಶ್ವರಿಗೆ ಹೊಟ್ಟೆಯ ತಳದಿಂದ ಏನೋ ಎದ್ದು ಬಂತು. ಸಂಕಟವೋ ಅಳುವೋ ಎಂದುಕೊಂಡಳು, ಕಾದಳು. ಅದು ಬರೀ ಹಸಿವು. ಮದುವೆಯಾಗಿ ಬಂದಾಗಿನಿಂದ ಎಲ್ಲರದೂ ಆದ ಮೇಲೆ, ನಿಂತೋ ಬಗ್ಗಿಯೋ, ಉಳಿದದ್ದನ್ನು ತಿಂದು ಏಳುತ್ತಿದ್ದವಳಿಗೆ ಅಷ್ಟು ದೊಡ್ಡ ಹಸಿವು ತನ್ನೊಳಗೆ ಇತ್ತೆಂಬುದೇ ಗೊತ್ತಿರಲಿಲ್ಲ. ಅಜ್ಜಿಯ ಕತೆಯ ಆನೆ ಕಾಡು ಸೀಳಿಕೊಂಡು ಬಂದ ಹಾಗೆ ಬಂತು, ಕಿವಿ ಬೆಚ್ಚಗಾಯಿತು, ಬಾಯಲ್ಲಿ ನೀರೂರಿತು. ಅವಳು ಎದ್ದು ಒಳಗೆ ಹೋದಳು. ಗೂಟದಿಂದ ಎರಡು ಮಣೆ ತೆಗೆದು ನೆಲಕ್ಕೆ ಹಾಕಿದಳು, ಒಂದು ಚಿಕ್ಕದು, ಒಂದು ದೊಡ್ಡದು. ಚಿಕ್ಕದರ ಮೇಲೆ ಭಾನುವನ್ನು ಕೂರಿಸಿ, ದೊಡ್ಡದರ ಮೇಲೆ ತಾನು ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂತಳು. ಮಗಳು ತಟ್ಟೆ ಬಡಿದಳು. ತಾಯಿಯೂ ತನ್ನ ತಟ್ಟೆಯನ್ನು ಎಳೆದುಕೊಂಡಳು.

“ಅತ್ತೆ” ಎಂದು ಕರೆದಳು, ಬೀದಿಗೂ ಗೋಡೆಯಾಚೆಯ ಸುಂದ್ರಮ್ಮನಿಗೂ ಕೇಳುವಷ್ಟು ಗಟ್ಟಿಯಾಗಿ. “ನನಗೆ ದೊಡ್ಡದು.”